ರಾಯಚೂರಿನ ಬಿಸಿಲಿಗೆ ಚಳಿಗಾಲದ ಎಣ್ಣೆ

ನಮ್ಮ ಮನೆಯ ಮಾಳಿಗೆಯ ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ನನ್ನ ಹೆಂಡತಿ ಸುಜಾತಾ ಅದರ ಕುತ್ತಿಗೆ ಕತ್ತರಿಸಿ, ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದು, ಬುಡಕ್ಕೆ ತೂತು ಹೊಡೆದು, ಮಣ್ಣು ತುಂಬಿ ಪುದೀನ ಹಚ್ಚಿದ್ದಾಳೆ. ಪುದೀನ ಸೊಂಪಾಗಿ ಬಂದಿದೆ. ಬರದೆ ಏನು ಮಾಡೀತು, ಅಂಥಿಂಥ ಡಬ್ಬಿಯೇ ಅದು? ಅದರ ಮೈಮೇಲೆ 'ಸಂಪೂರ್ಣ ಸಿಂಥೆಟಿಕ್' ಎಂಬ ಬಂಗಾರದ ಬಣ್ಣದ ಅಕ್ಷರಗಳಿವೆ. ಅದರ ಕೆಳಗೆ ಹಿಮ ಮುಚ್ಚಿದ ಬೆಟ್ಟವನ್ನು ಏರುತ್ತಿರುವ ಒಂದು ಗಾಡಿಯ ಚಿತ್ರವಿದೆ. ಆ ಹಿಮದ ಮೇಲೆ ನಮ್ಮ ರಾಯಚೂರಿನ ಬಿಸಿಲು ದಿನಕ್ಕೆ ಹತ್ತು ತಾಸು ಬೀಳುತ್ತದೆ. ಹಿಮ ಮಾತ್ರ ಇನ್ನೂ ಕರಗಿಲ್ಲ. ಉತ್ತಮ ಗುಣಮಟ್ಟ ಎಂದರೆ ಇದೇ ಇರಬೇಕು.

ಬೆಳಿಗ್ಗೆ ಚಹಾ ಹಿಡಿದು ಮಾಳಿಗೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಆ ಡಬ್ಬಿಯೇ. ಮನೆಗೆ ಬಂದವರು ಯಾರಾದರೂ ಇದೇನು ಎಂದು ಕೇಳಿದರೆ ಸುಜಾತಾ ಮುಖ ಗಂಭೀರ ಮಾಡಿಕೊಂಡು, ನಮ್ಮ ಮನೆಯವರು ಗಾಡಿಗೆ ತಂದ ತುಪ್ಪದ ಡಬ್ಬಿ ಎನ್ನುತ್ತಾಳೆ. ಅವಳು ನರ್ಸ್. ಸೂಜಿ ಚುಚ್ಚುವಾಗ ಮುಖದಲ್ಲಿ ಏನೂ ತೋರಿಸಬಾರದು ಎಂಬುದು ಅವಳಿಗೆ ವೃತ್ತಿಯಲ್ಲೇ ಬಂದ ವಿದ್ಯೆ. ಅದನ್ನು ಮನೆಯಲ್ಲಿ ನನ್ನ ಮೇಲೆ ಪ್ರಯೋಗಿಸುತ್ತಾಳೆ.

ಕಥೆ ಹೇಳುವ ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಾನು ಮಾನ್ವಿಯ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ದಿನವೂ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ, ದ್ರವಗಳ ಸ್ನಿಗ್ಧತೆ ಎಂದರೇನು ಎಂಬುದನ್ನು ಮಕ್ಕಳಿಗೆ ಕಲಿಸಿ ಬರುವವನು. ಜೇನು ನಿಧಾನ ಹರಿಯುತ್ತದೆ, ನೀರು ಬೇಗ ಹರಿಯುತ್ತದೆ, ಇಷ್ಟೇ ಪಾಠ. ಇದನ್ನೇ ಇಪ್ಪತ್ತು ವರ್ಷ ಹೇಳಿದ ಮನುಷ್ಯನಿಗೆ ಜಗತ್ತಿನ ಎಲ್ಲ ಎಣ್ಣೆಗಳ ಮೇಲೂ ಅಧಿಕಾರ ಬಂದಿದೆ ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು.

ಇಂಥವನು ಹೋದ ವರ್ಷ ದೇವದುರ್ಗದ ಒಬ್ಬ ಗುತ್ತಿಗೆದಾರನಿಂದ ಹಳೆಯ ಜೀಪೊಂದನ್ನು ಕೊಂಡ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಜಾತಿಯದು, ಫೋರ್ ವ್ಹೀಲ್ ಡ್ರೈವ್. ಓಣಿಯ ಜನ ಬಂದು ಸುತ್ತಲೂ ನೋಡಿದರು. ಪಕ್ಕದ ಮನೆಯ ತಹಸೀಲ ಕಚೇರಿಯ ನಿವೃತ್ತ ಗುಮಾಸ್ತರು ಟೈರನ್ನು ಕಾಲಿನಿಂದ ಒದ್ದು ನೋಡಿ, ಸರ ಇದು ಬೆಟ್ಟ ಹತ್ತುವ ಗಾಡಿ ಅಂತಾರಲ್ಲ, ನಮ್ಮಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಿದರು. ಕೋಟೆಯ ಬೆಟ್ಟಕ್ಕೆ ಮೆಟ್ಟಿಲು ಇವೆ ಎಂದೂ ನೆನಪಿಸಿದರು. ಸಹಾಯ ಮಾಡುವ ಸ್ವಭಾವದವರು.

ಅವರಿಗೆ ನಾನು ನಿಜ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಗಾಡಿ ಕೊಂಡದ್ದು ಬೆಟ್ಟಕ್ಕಲ್ಲ, ಉಸುಕಿಗೆ.

ನಾವು ಮೂಲತಃ ಗಬ್ಬೂರಿನವರು. ನನ್ನ ತಂದೆ, ನಾನು ಯಪ್ಪ ಎಂದೇ ಕರೆಯುವುದು, ಈಗ ರಾಯಚೂರಿನಲ್ಲಿ ನಮ್ಮ ಜೊತೆಯೇ ಇದ್ದಾನೆ. ಎಂಬತ್ತರ ಹತ್ತಿರ. ಬಾಯಿ ಗಟ್ಟಿ, ಕಿವಿ ಗಟ್ಟಿ, ಮೊಣಕಾಲು ಮಾತ್ರ ಎರಡೂ ಹೋಗಿವೆ. ಅಂಗಳದಲ್ಲಿ ಕೋಲೂರಿ ನಾಲ್ಕು ಹೆಜ್ಜೆ ಹಾಕುತ್ತಾನೆ, ಅಷ್ಟೇ. ಅವನಿಗೆ ಒಂದು ಆಸೆ ಹುಟ್ಟಿತು: ಹೊಳೆದಂಡೆಯ ಊರಾದ ಗೂಗಲ್‌ಗೆ ಹೋಗಿ ಕೃಷ್ಣಾ ಹೊಳೆಯಲ್ಲಿ ಒಮ್ಮೆ ಕಾಲಿಡಬೇಕು. ಪರಿಚಯದವರ ಕಾರು ತೆಗೆದುಕೊಂಡು ಒಮ್ಮೆ ಹೋದೆವು. ಅಲ್ಲಮಪ್ರಭುವಿನ ಗುಡಿಯ ದಾರಿ ದಾಟಿ, ಅವನು ಹೇಳಿದ ಹಳೆಯ ಬಂಡಿದಾರಿಯಲ್ಲಿ ಇಳಿದರೆ ನೀರಿಗೂ ನಮಗೂ ನಡುವೆ ಉದ್ದನೆಯ ಉಸುಕಿನ ಹಾಸು. ಕಾರು ಹತ್ತು ಮಾರು ಹೋಗಿ ಹೊಟ್ಟೆ ಊರಿ ಕೂತುಬಿಟ್ಟಿತು. ಊರಿನ ಟ್ರಾಕ್ಟರಿನವರು ಬಂದು ಅದನ್ನು ಎಳೆದು ಹಾಕುವವರೆಗೂ ಯಪ್ಪ ಒಳಗೆ ಕೂತು ಗಾಜಿನಿಂದ ಹೊಳೆ ನೋಡಿದ. ಎತ್ತಿಕೊಂಡು ಹೋಗುತ್ತೇನೆ ಎಂದರೆ ಒಪ್ಪಲಿಲ್ಲ, ನಾನೇನು ಮೂಟಿಯಾ ಎಂದು ಸಿಟ್ಟಾದ. ವಾಪಸ್ಸು ಬರುವಾಗ ಒಂದೇ ಮಾತು ಹೇಳಿದ.

"ಹೊಳಿ ಅಲ್ಲೇ ಅದ. ನನ್ನ ಕಾಲು ಇಲ್ಲೇ ಅದಾವು."

ಇಷ್ಟಕ್ಕೆ ಜೀಪು ಕೊಳ್ಳಬೇಕೇ ಎಂದು ನೀವು ಕೇಳಬಹುದು. ಸುಜಾತಾ ಕೇಳಿದಳು. ಆದರೆ ನನ್ನ ಹೊಟ್ಟೆಯೊಳಗೆ ಇನ್ನೊಂದು ಲೆಕ್ಕವಿತ್ತು. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮದು ದೊಡ್ಡ ಮನೆತನ. ಯಪ್ಪ ಗಬ್ಬೂರಿನ ಒಬ್ಬ ಸಾಹುಕಾರರ ಮನೆಯಲ್ಲಿ ವರ್ಷದ ಸಂಬಳದಾಳಾಗಿದ್ದ. ಅವರ ಎರಡು ಎತ್ತಿನ ಬಂಡಿಗಳ ಕೀಲೆಣ್ಣೆಯ ಉಸ್ತುವಾರಿ ಅವನದು. ಈಗಿನ ಮಕ್ಕಳಿಗೆ ಕೀಲೆಣ್ಣೆ ಗೊತ್ತಿರಲಿಕ್ಕಿಲ್ಲ. ಬಂಡಿಯ ಗಾಲಿ ಅಚ್ಚಿನ ಮೇಲೆ ಸಲೀಸಾಗಿ ತಿರುಗಲು ಹಚ್ಚುವ ಮಸಿಯಂಥ ಎಣ್ಣೆ ಅದು. ಹುಲ್ಲು ಸುಟ್ಟು ಅದರ ಕರಿಯನ್ನು ನುಣ್ಣಗೆ ಅರೆದು ಔಡಲ ಎಣ್ಣೆಯಲ್ಲಿ ಕಲಸಬೇಕು. ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೆ ನೇತುಹಾಕಬೇಕು. ಗಾಲಿ ಕಿರ್ರೆಂದರೆ ಅದು ಕಳಚದಂತೆ ತಡೆಯುವ ಕಡಾಣಿ ಕಿತ್ತು, ಗಾಲಿಯನ್ನು ಗೇಣುದ್ದ ಹೊರಗೆ ಸರಿಸಿ, ಅಚ್ಚಿಗೆ ಬಳಿಯಬೇಕು. ಎಣ್ಣೆ ಹದವಾಗಿದೆಯೋ ಇಲ್ಲವೋ ನೋಡಲು ಯಪ್ಪನಿಗೆ ಯಾವ ಉಪಕರಣವೂ ಬೇಕಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ತಿಕ್ಕಿ, ಬೆರಳು ಅಗಲಿಸಿ, ಎಳೆ ಎಷ್ಟು ಹೊತ್ತು ಕಡಿಯದೆ ನಿಲ್ಲುತ್ತದೆ ಎಂದು ನೋಡುತ್ತಿದ್ದ. ಬೇಸಿಗೆಗೆ ಒಂದು ಎಳೆ, ಮಳೆಗಾಲಕ್ಕೆ ಒಂದು ಎಳೆ.

ಕಲಸುವ ಕೆಲಸ ನನ್ನದು. ಶಾಲೆಗೆ ಹೋದಾಗ ಕೈ ಮೊಣಕೈ ತನಕ ಕರ್ರಗೆ. ಮಾಸ್ತರು ತೊಳೆದುಕೊಂಡು ಬಾ ಎಂದು ಕಳಿಸುತ್ತಿದ್ದರು. ಹೋಗಿ ಬಾವಿಕಟ್ಟೆಯಲ್ಲಿ ತಿಕ್ಕಿ ತಿಕ್ಕಿ ಬಂದರೂ ಹಾಗೆಯೇ. ಎಣ್ಣೆಗೆ ನೀರು ಏನು ಮಾಡೀತು? ಕೊನೆಗೆ ಬಾಗಿಲ ಹತ್ತಿರದ ಜಾಗ ನನ್ನದಾಯಿತು. ಬೀಳ್ಕೊಡುಗೆ ಸಮಾರಂಭಗಳಲ್ಲಿ ಭಾಷಣ ಮಾಡುವಾಗ, ಎಣ್ಣೆ ನೀರಿನಲ್ಲಿ ಯಾಕೆ ಕರಗುವುದಿಲ್ಲ ಎಂಬ ಆ ಪ್ರಶ್ನೆಯೇ ನನ್ನನ್ನು ರಸಾಯನಶಾಸ್ತ್ರಕ್ಕೆ ಕರೆದೊಯ್ದಿತು ಎಂದು ಹೇಳುತ್ತೇನೆ. ಚಪ್ಪಾಳೆ ಬೀಳುತ್ತದೆ. ಸುಳ್ಳು. ಕಾಲೇಜು ಸೇರುವ ವರ್ಷ ನನಗೆ ಸೀಟು ಸಿಕ್ಕಿದ್ದು ಅದೊಂದರಲ್ಲೇ.

ಸಾಹುಕಾರರ ಮನೆಯವರು ಆಗಾಗ ಗೂಗಲ್‌ಗೆ ಹೊಳೆಸ್ನಾನಕ್ಕೆ ಹೋಗುತ್ತಿದ್ದರು. ಬಂಡಿಗೆ ಗಾದಿ ಹಾಸುವವನು ಯಪ್ಪ, ಎತ್ತಿಗೆ ನೀರು ಕುಡಿಸುವವನು ಯಪ್ಪ, ಗಾಲಿಗೆ ಎಣ್ಣೆ ಹಚ್ಚುವವನು ಯಪ್ಪ. ಹೊರಡುವ ಹೊತ್ತಿಗೆ ಮುಂದೆ ಹಗ್ಗ ಹಿಡಿದು ಕೂಡಲು ಬೇರೆಯವನು ಬರುತ್ತಿದ್ದ. ಯಪ್ಪ ಕೀಲೆಣ್ಣೆಯ ಗೊಟ್ಟ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆಯುತ್ತಿದ್ದ. ಗಾಲಿ ಕಿರ್ರೆಂದಾಗ ಓಡಿ ಮುಂದೆ ಬರುವುದು, ಮತ್ತೆ ಹಿಂದಾಗುವುದು. ಯಾಕೆ ಹಾಗೆ ಎಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಒಂದೆರಡು ಸಲ ನಾನೂ ಅವನ ಜೊತೆ ನಡೆದಿದ್ದೇನೆ. ಬಂಡಿಯೊಳಗೆ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಕಾಲು ಇಳಿಬಿಟ್ಟು ಕೂತು, ಶೇಂಗಾ ತಿಂದು, ಸಿಪ್ಪೆಯನ್ನು ನಮ್ಮ ದಾರಿಯಲ್ಲಿ ಒಗೆಯುತ್ತಿದ್ದಳು. ಆ ಸಿಪ್ಪೆಗಳ ಮೇಲೆ ಕಾಲಿಡುತ್ತಾ ಹೋದದ್ದು ನನಗೆ ಚೆನ್ನಾಗಿ ನೆನಪಿದೆ.

ಆದ್ದರಿಂದ ನನ್ನ ಲೆಕ್ಕ ಇದು: ಯಪ್ಪನನ್ನು ನನ್ನ ಬಂಡಿಯ ಮುಂದಿನ ಸೀಟಿನಲ್ಲಿ ಕೂಡಿಸಬೇಕು. ಗಬ್ಬೂರಿನ ನಡುಬೀದಿಯಲ್ಲಿ ಹಾಯಿಸಬೇಕು. ಕೂತಲ್ಲಿಂದ ಏಳದಂತೆ ಹೊಳೆಯ ನೀರಿನ ಅಂಚಿನ ತನಕ ಒಯ್ಯಬೇಕು. ದಾರಿಯಲ್ಲಿ ಗಾಡಿ ಕೈ ಕೊಟ್ಟರೆ ಈ ವಯಸ್ಸಿನಲ್ಲಿ ಅವನು ಮತ್ತೆ ಹೊರಡುವುದು ಅನುಮಾನ. ಹೀಗಾಗಿ ಗಾಡಿಯ ಒಳಗೆ ಸರಿಯಾದ ಎಣ್ಣೆ ಇರಲೇಬೇಕು. ನೋಡಿ, ಎಷ್ಟು ತರ್ಕಬದ್ಧವಾಗಿ ನಾನು ಹಳ್ಳಕ್ಕೆ ಬಿದ್ದೆ.

ಸಾಮಾನ್ಯ ಗಾಡಿಗೆ ಎಂಜಿನ್ನಿನ ಎಣ್ಣೆಯಾದರೆ ಮುಗಿಯಿತು ಅಂದುಕೊಂಡಿರುತ್ತೇವೆ. ನಾಲ್ಕು ಗಾಲಿಯ ಗಾಡಿಗೆ ಹೊಟ್ಟೆ ಹಲವು. ಗೇರ್ ಬಾಕ್ಸ್ ಒಂದು. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಂದು. ಮುಂದಿನ ಅಚ್ಚಿನ ನಡುವೆ ಒಂದು, ಹಿಂದಿನ ಅಚ್ಚಿನ ನಡುವೆ ಒಂದು ಕಬ್ಬಿಣದ ಗುಂಡು, ಅದಕ್ಕೆ ಮೆಕ್ಯಾನಿಕ್‌ಗಳು ಹೌಸಿಂಗ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಗೇರ್ ಎಣ್ಣೆ ಬೇಕು. ಯಾವುದಕ್ಕೆ ಯಾವುದು?

ಕೇಳಲು ಜನರಿಗೇನು ಬರವೇ? ಫೋನಿನಲ್ಲಿ ನಾಲ್ಕು ಗಾಲಿಯವರದೇ ಒಂದು ಗುಂಪಿದೆ, ಸೇರಿಕೊಂಡೆ. ಅಲ್ಲಿಯ ಪಂಡಿತರು ಗಾಡಿ ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ಗಾಡಿಯ ಬಗ್ಗೆ ಬರೆಯುತ್ತಾರೆ. ಸಿಂಥೆಟಿಕ್ ಹಾಕದವನು ಮನುಷ್ಯನೇ ಅಲ್ಲ ಎಂದು ಒಬ್ಬ. ಯಾವ ಸಿಂಥೆಟಿಕ್ ಎಂದು ಕೇಳಿ ಅವನನ್ನು ಅವಮಾನಿಸಿದ ಇನ್ನೊಬ್ಬ. ಮೂರನೆಯವನು ಲಡಾಖಿನ ಚಳಿಯಲ್ಲಿ ತನ್ನ ಗಾಡಿಯ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಗಿ ತಾನು ಪಟ್ಟ ಪಾಡನ್ನು ಹನ್ನೆರಡು ಕಂತುಗಳಲ್ಲಿ ಬರೆದಿದ್ದ. ನಾನು ಬೆವರು ಒರೆಸಿಕೊಳ್ಳುತ್ತಾ ಹನ್ನೆರಡನ್ನೂ ಓದಿದೆ. ಡಬ್ಬಿಯ ಮೇಲೆ ಎಪ್ಪತ್ತೈದು ಎಂಬ ಅಂಕಿಯ ಪಕ್ಕ ಡಬ್ಲ್ಯೂ ಎಂದಿದ್ದರೆ ಅದು ಚಳಿಗಾಲದ ಗುರುತು, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಅದು ಹರಿಯುತ್ತದೆ ಎಂದು ತಿಳಿಯಿತು. ತಕ್ಷಣ ಅದೇ ಬೇಕು ಅನ್ನಿಸಿತು. ರಾಯಚೂರಿನಲ್ಲಿ ಚಳಿ ಎಂದರೆ ಜನವರಿಯಲ್ಲಿ ಎರಡು ಮುಂಜಾನೆ ಫ್ಯಾನನ್ನು ಮೂರಕ್ಕೆ ಇಳಿಸುವುದು. ಆದರೂ ಹುಷಾರಾಗಿರುವುದು ಒಳ್ಳೆಯದಲ್ಲವೇ? ನಾಳೆ ಹವಾಮಾನ ಬದಲಾಗಿ ತುಂಗಭದ್ರಾ ಕಾಲುವೆ ಹೆಪ್ಪುಗಟ್ಟಿದರೆ ಊರಲ್ಲೆಲ್ಲ ನನ್ನದೊಂದೇ ಗಾಡಿ ಓಡಬೇಕು.

ಇನ್ನೊಂದು ಗುರುತೂ ಇತ್ತು. ಜಿಎಲ್ ನಾಲ್ಕು, ಜಿಎಲ್ ಐದು ಎಂದು ಎರಡು ದರ್ಜೆ. ಇದರ ಬಗ್ಗೆ ಗುಂಪಿನಲ್ಲಿ ದೊಡ್ಡ ಜಗಳ ನಡೆದಿತ್ತು. ನಾನು ಅದನ್ನು ಪೂರ್ತಿ ಓದಲಿಲ್ಲ. ಓದುವುದೇನಿದೆ? ನಾಲ್ಕಕ್ಕಿಂತ ಐದು ದೊಡ್ಡದು. ಮೇಷ್ಟರಾದವನಿಗೆ ಹೆಚ್ಚು ಅಂಕ ಎಂದರೆ ಹೆಚ್ಚು ಗುಣ, ಇದರಲ್ಲಿ ಅನುಮಾನವೇ ಬರುವುದಿಲ್ಲ. ರಾಯಚೂರಿನ ಬಜಾರಿನ ಒಂದು ಬಿಡಿಭಾಗದ ಅಂಗಡಿಗೆ ಹೋಗಿ ಐದರದೇ, ಎಲ್ಲಕ್ಕಿಂತ ತುಟ್ಟಿಯದೇ, ನಾಲ್ಕೂ ಹೊಟ್ಟೆಗೆ ಆಗುವಷ್ಟು ಕೊಡಿ ಎಂದೆ. ಅಂಗಡಿಯವರು ನನ್ನನ್ನು ಕೂಡಿಸಿ ಚಹಾ ತರಿಸಿದರು. ಯಾವ ಗಾಡಿಗೆ ಎಂದು ಕೇಳಲಿಲ್ಲ. ನನಗೆ ಅದು ಗೌರವ ಅನ್ನಿಸಿತು.

ಮಾನ್ವಿಯಲ್ಲಿ ನಮ್ಮ ಕಾಲೇಜಿನ ದಾರಿಯಲ್ಲೇ ಖಾಜಾ ಚಾಚಾನ ಗ್ಯಾರೇಜು ಇದೆ. ಹಳೆಯ ಜೀಪುಗಳ ಹೊಟ್ಟೆ ಬಗೆದು ಬಗೆದೇ ಗಡ್ಡ ಬೆಳ್ಳಗಾದ ಮನುಷ್ಯ. ಒಂದು ರವಿವಾರ ಗಾಡಿಯನ್ನೂ ಡಬ್ಬಿಗಳನ್ನೂ ಯಪ್ಪನನ್ನೂ ತುಂಬಿಕೊಂಡು ಅಲ್ಲಿಗೆ ಹೋದೆ. ಯಪ್ಪ ಬಂದದ್ದು ಗಾಡಿಯ ಒಳಗು ನೋಡಲು. ಕುರ್ಚಿ ಕೊಟ್ಟರೆ ಬೇಡ ಎಂದು, ನೆರಳಲ್ಲಿದ್ದ ಹಳೆಯ ಟೈರಿನ ಮೇಲೆ ಕೂತ.

ಚಾಚಾ ಡಬ್ಬಿಯನ್ನು ತಿರುಗಿಸಿ ನೋಡಿ, ಒಂದು ಹನಿ ಬೆರಳಿಗೆ ಹಾಕಿ ತಿಕ್ಕಿ, ಮೂಗಿನ ಹತ್ತಿರ ಹಿಡಿದ. ಟೈರಿನ ಮೇಲಿನಿಂದ ಯಪ್ಪ ಇದನ್ನು ನೋಡುತ್ತಿದ್ದ.

"ಸರ, ಎಣ್ಣಿ ಚಲೋ ಅದರೀ. ಹೌಸಿಂಗ್‌ಗೆ ಹಾಕೂಣು. ಗೇರ್ ಬಾಕ್ಸ್‌ಗೆ ಮಾತ್ರ ಇದು ಬ್ಯಾಡ್ರಿ. ಅದಕ್ಕ ನಾಕರದು ಬೇಕು."

ನಾನು ಪಾಠಕ್ಕೆ ಇಳಿದೆ. ಅಣುಗಳ ಸರಪಳಿ ಎಂದರೇನು, ಸಿಂಥೆಟಿಕ್‌ನಲ್ಲಿ ಅವು ಹೇಗೆ ಒಂದೇ ಅಳತೆಗೆ ಇರುತ್ತವೆ, ಒತ್ತಡದಲ್ಲಿ ಗಂಧಕ ಲೋಹದ ಮೇಲೆ ಹೇಗೆ ಪದರ ಕಟ್ಟುತ್ತದೆ, ಎಲ್ಲ ಹೇಳಿದೆ. ಕರಿಹಲಗೆ ಇಲ್ಲದ್ದಕ್ಕೆ ಬಾನೆಟ್ಟಿನ ಧೂಳಿನ ಮೇಲೆ ಬೆರಳಲ್ಲಿ ಚಿತ್ರವನ್ನೂ ಬರೆದೆ. ಚಾಚಾ ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿದ. ನನ್ನ ವಿದ್ಯಾರ್ಥಿಗಳು ಅಷ್ಟು ಶ್ರದ್ಧೆಯಿಂದ ಎಂದೂ ಕೇಳಿಲ್ಲ.

"ನೀವು ಓದಿದವರ್ರಿ ಸರ. ನಾ ಬರೇ ಬಿಚ್ಚಿ ನೋಡಿದಾವ."

ಇಷ್ಟು ಹೇಳಿ ಅವನು ಗಾಡಿಯ ಕೆಳಗೆ ಹೋದ. ಆ ಮಾತಿನಲ್ಲಿ ಇದ್ದ ಏಟು ನನಗೆ ಗೊತ್ತಾಗಿದ್ದು ಎರಡು ವಾರದ ಮೇಲೆ.

ಕೆಲಸ ಮಾತ್ರ ಅವನದು ನೋಡುವಂಥದ್ದು. ಹಳೆಯ ಎಣ್ಣೆ ಇಳಿಸುವ ಕೆಳಗಿನ ಬಿರಡೆಯನ್ನು ಅವನು ಮೊದಲು ಮುಟ್ಟುವುದಿಲ್ಲ. ಹೊಸ ಎಣ್ಣೆ ತುಂಬುವ ಮೇಲಿನ ಬಿರಡೆಯನ್ನು ಮೊದಲು ಬಿಚ್ಚುತ್ತಾನೆ. ಇದ್ದುದನ್ನೆಲ್ಲ ಸುರಿದು, ಆಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಬರಿಹೊಟ್ಟೆಯಲ್ಲಿ ಅಲ್ಲೇ ಬೀಳುತ್ತದೆಯಂತೆ. ತುಂಬಿದ ಮೇಲೆ ಕಿರುಬೆರಳನ್ನು ತೂತಿನೊಳಗೆ ಬಿಟ್ಟು, ತುದಿ ತೊಯ್ದರೆ ಸಾಕು ಎನ್ನುತ್ತಾನೆ. ಹೌಸಿಂಗ್ ಸರಿ ಇದೆಯೋ ಇಲ್ಲವೋ ನೋಡಲು ಓಡಿಸಿ ಬಂದ ಮೇಲೆ ಅದರ ಮೇಲೆ ಅಂಗೈ ಇಟ್ಟು ಹತ್ತು ಎಣಿಸಬೇಕು, ಅಷ್ಟು ಹೊತ್ತು ಕೈ ತಡೆದರೆ ಒಳಗೆ ಎಲ್ಲ ಕ್ಷೇಮ. ಇದನ್ನೆಲ್ಲ ಅವನು ಹೇಳಿದ್ದು ಯಪ್ಪನಿಗೆ. ನನಗೆ ಹೇಳುವ ಧೈರ್ಯ ಅವನಿಗೆ ಬಂದಿರಲಿಕ್ಕಿಲ್ಲ.

ಮುಂದಿನ ರವಿವಾರ ಗೂಗಲ್‌ಗೆ ಹೊರಟೆವು. ಸುಜಾತಾ ಬುತ್ತಿ ಕಟ್ಟಿದ್ದಳು. ಯಪ್ಪ ತಲೆಗೆ ಬಿಳಿಯ ಪಟಗ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಊರು ದಾಟುವ ಮೊದಲೇ ಎರಡನೆಯ ಗೇರು ಬೀಳಲು ಸತಾಯಿಸಿತು. ಹೊಸ ಎಣ್ಣೆ, ಹೊಂದಿಕೊಳ್ಳಲು ಹೊತ್ತು ಬೇಕು ಎಂದೆ. ಗಬ್ಬೂರು ಹತ್ತಿರ ಬರುವಷ್ಟರಲ್ಲಿ ಪ್ರತಿ ಸಲ ಗೇರು ಬದಲಿಸಿದಾಗಲೂ ಬೀಸುವ ಕಲ್ಲಿಗೆ ಹರಳು ಸಿಕ್ಕಂಥ ಸದ್ದು. ನಾನು ರೇಡಿಯೋ ಜೋರು ಮಾಡಿದೆ. ಸುಜಾತಾ ಹಿಂದಿನಿಂದ ಕೈ ಚಾಚಿ ಅದನ್ನು ಬಂದ್ ಮಾಡಿದಳು. ಗಬ್ಬೂರಿನ ಬಸ್ ನಿಲ್ದಾಣದ ಮುಂದೆ, ಯಾವ ನಡುಬೀದಿಯಲ್ಲಿ ಯಪ್ಪನನ್ನು ಮೆರೆಸಬೇಕೆಂದಿದ್ದೆನೋ ಅಲ್ಲಿ, ಮೂರರಿಂದ ಎರಡಕ್ಕೆ ಇಳಿಸಲು ಹೋಗಿ ಗಾಡಿ ಅರಚಿಕೊಂಡಿತು. ಚಹದಂಗಡಿಯವರೆಲ್ಲ ತಿರುಗಿ ನೋಡಿದರು. ಮೆರವಣಿಗೆಗೆ ವಾದ್ಯದ ಕೊರತೆಯಾಗಲಿಲ್ಲ.

ಯಪ್ಪ ನನ್ನ ಕಡೆ ನೋಡದೆ ಹೇಳಿದ.

"ತಮ್ಮಾ, ನಿನ್ನ ಎಣ್ಣಿ ಅದಕ್ಕ ಒಗ್ಗವಲ್ದು. ಅದನ್ನ ಬಡದು ಬಡದು ಓಡಸಬ್ಯಾಡ. ಹೊಳ್ಳಿಸು."

ಹೊಳ್ಳಿಸಿದೆ. ಎರಡನೆಯ ಸಲವೂ ಹೊಳೆ ಮುಟ್ಟದೆ ಹಿಂದಿರುಗಿದೆವು. ಅವನು ಪಟಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ನನಗೆ ಅಳು ಬಂದಂತಾಗಿತ್ತು, ಸಿಟ್ಟು ಎಂದು ತೋರಿಸಿಕೊಂಡೆ.

ಮತ್ತೆ ಮಾನ್ವಿ, ಮತ್ತೆ ಖಾಜಾ ಚಾಚಾ, ಮತ್ತೆ ಅದೇ ಟೈರಿನ ಮೇಲೆ ಯಪ್ಪ, ಈ ಸಲ ಜೊತೆಗೆ ಸುಜಾತಾ. ಚಾಚಾ 'ನಾನು ಹೇಳಿದ್ದೆ' ಎನ್ನಲಿಲ್ಲ. ಅದು ಇನ್ನೂ ಕೆಟ್ಟದು. ಗೇರ್ ಬಾಕ್ಸಿನ ಎಣ್ಣೆ ಇಳಿಸಿ ಒಂದು ಹನಿಯನ್ನು ತನ್ನ ಬೆರಳಿಗೆ ಹಚ್ಚಿಕೊಂಡ. ಇನ್ನೊಂದನ್ನು ಯಪ್ಪನ ಬೆರಳಿಗೆ ಹಚ್ಚಿದ. ಇಬ್ಬರು ಮುದುಕರು ಎದುರುಬದುರು ಕೂತು, ಬೆರಳು ತಿಕ್ಕಿ, ಅಗಲಿಸಿ, ಎಳೆ ನೋಡಿದರು. ಪ್ರಯೋಗಾಲಯದ ಮೇಲ್ವಿಚಾರಕನಾದ ನಾನು ಪಕ್ಕದಲ್ಲಿ ಅವರ ಚಹಾದ ಕಪ್ಪು ಹಿಡಿದು ನಿಂತಿದ್ದೆ.

ಚಾಚಾ ಹೇಳಿದ್ದು ಇಷ್ಟು. ಗೇರ್ ಬಾಕ್ಸಿನ ಒಳಗೆ ಹಿತ್ತಾಳೆಯ ಉಂಗುರಗಳಿರುತ್ತವೆ. ಗೇರು ಬೀಳುವ ಮುಂಚೆ ಆ ಉಂಗುರ ಪಕ್ಕದ ಚಕ್ರವನ್ನು ಒಂದಿಷ್ಟು ತಿಕ್ಕಿ ಹಿಡಿದು, ಅದರ ಓಟವನ್ನು ತನ್ನ ಓಟಕ್ಕೆ ಸಮ ಮಾಡಿಕೊಳ್ಳಬೇಕು. ಹೌಸಿಂಗಿಗೆಂದು ಮಾಡಿದ ಐದರ ಎಣ್ಣೆ ಅಲ್ಲಿ ಬಹಳ ಜಾರು, ಉಂಗುರಕ್ಕೆ ಹಿಡಿತ ಸಿಗುವುದಿಲ್ಲ. ಜೊತೆಗೆ ಅದರ ಖಾರ ಬಿಸಿಗೆ ಹಿತ್ತಾಳೆಯನ್ನು ಮೆಲ್ಲಗೆ ತಿನ್ನುತ್ತದೆ. ನಾನು ಬಾನೆಟ್ಟಿನ ಮೇಲೆ ಚಿತ್ರ ಬರೆದು ಹೊಗಳಿದ ಗಂಧಕವೇ ಆ ಖಾರ. ನನ್ನ ಚಿತ್ರದಲ್ಲಿ ಹಿತ್ತಾಳೆ ಇರಲಿಲ್ಲ.

ಯಪ್ಪನಿಗೆ ಇದು ಒಂದೇ ಮಾತಿಗೆ ತಿಳಿಯಿತು.

"ಎಲ್ಲಾ ಜಾರಬೇಕಂದ್ರ ಹ್ಯಾಂಗ? ಕೀಲಿಗೆ ಹಚ್ಚೂದು ನೊಗಕ್ಕ ಹಚ್ಚಿದ್ರ ಹಗ್ಗ ನಿಲ್ಲಂಗಿಲ್ಲ, ಎತ್ತು ಹೊರಗ ಹೋಗ್ತಾವ."

ಚಾಚಾ ನಕ್ಕ. "ಬಡೇ ಮಿಯಾ, ಇದನ್ನ ನೀವು ಮೊದಲನೇ ದಿನಾನ ಹೇಳಬೇಕಿತ್ತು."

"ಮೊದಲನೇ ದಿನ ಅಂವ ಪಾಠ ಮಾಡಾಕತ್ತಿದ್ದ."

ಗೇರ್ ಬಾಕ್ಸಿಗೆ ನಾಲ್ಕರ ದರ್ಜೆಯ ಎಣ್ಣೆ ಹೋಯಿತು. ಟ್ರಾನ್ಸ್‌ಫರ್ ಕೇಸಿನದನ್ನೂ ಇಳಿಸಿ ಚಾಚಾ ಅದಕ್ಕೆ ಹೊಂದುವುದನ್ನು ಹಾಕಿದ. ಎರಡು ಹೌಸಿಂಗ್‌ಗಳಲ್ಲಿ ನನ್ನ ಹಿಮಾಲಯದ ಎಣ್ಣೆ ಹಾಗೆಯೇ ಉಳಿಯಿತು. ಅಲ್ಲಿ ಅದು ತಕ್ಕದ್ದೇ, ಹಲ್ಲಿಗೆ ಹಲ್ಲು ಉಜ್ಜುವ ಜಾಗಕ್ಕೆ ಐದರದೇ ಬೇಕು ಎಂದು ಚಾಚಾ ನನ್ನ ಸಮಾಧಾನಕ್ಕೂ ಒಂದು ಮಾತು ಸೇರಿಸಿದ. ಉಂಗುರಗಳು ಇನ್ನೂ ಕೆಟ್ಟಿರಲಿಲ್ಲ, ಯಪ್ಪ ಹೊಳ್ಳಿಸು ಎಂದದ್ದು ಒಳ್ಳೆಯದಾಯಿತಂತೆ.

ಅವಮಾನ ಅಲ್ಲಿಗೇ ಮುಗಿಯಲಿಲ್ಲ. ಹೊರಡುವಾಗ ಯಪ್ಪ ಎಲೆ ಅಡಿಕೆ ಚೀಲ ತೆಗೆಯಲು ಮುಂದಿನ ಗೂಡಿಗೆ ಕೈ ಹಾಕಿದ. ಚೀಲದ ಕೆಳಗೆ ಒಂದು ಪುಸ್ತಕವಿತ್ತು. ಗಾಡಿ ಬಂದ ದಿನದಿಂದಲೂ ಅಲ್ಲೇ ಇತ್ತು, ಸುಣ್ಣದ ಕಲೆಯಾಗದಿರಲಿ ಎಂದು ನಾನೇ ಹಾಸಿದ್ದೆ. ಗಾಡಿ ಮಾಡಿದವರೇ ಅಚ್ಚು ಹಾಕಿಸಿ ಕೊಟ್ಟ ಕೈಪಿಡಿ. ಸುಜಾತಾ ಅದನ್ನು ಬಿಡಿಸಿ, ಒಂದು ಪುಟದ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದಳು. ಯಾವ ಹೊಟ್ಟೆಗೆ ಯಾವ ಎಣ್ಣೆ, ಎಷ್ಟು, ಯಾವ ದರ್ಜೆ, ಎಲ್ಲ ಒಂದೇ ಪುಟದಲ್ಲಿ. ಪ್ರಶ್ನೆ ಓದದೆ ಉತ್ತರ ಬರೆಯುವ ಮಕ್ಕಳನ್ನು ನಾನು ವರ್ಷಗಟ್ಟಲೆ ಬೈದಿದ್ದೇನೆ. ಅವಳ ಮುಖದಲ್ಲಿ, ಎಂದಿನಂತೆ, ಏನೂ ಇರಲಿಲ್ಲ.

ಮೂರನೆಯ ಸಲ ಹೊರಟದ್ದು ಫೆಬ್ರವರಿಯ ಒಂದು ಮುಂಜಾನೆ. ಗೇರುಗಳು ಕೇಳಿದಲ್ಲಿ ಬಿದ್ದವು. ಗಬ್ಬೂರಿನ ಬೀದಿಯಲ್ಲಿ ಗಾಡಿ ಸದ್ದಿಲ್ಲದೆ ಹಾಯಿತು. ಹಾಗಾಗಿ ಯಾರೂ ತಿರುಗಿಯೂ ನೋಡಲಿಲ್ಲ, ಮೆರವಣಿಗೆ ಅಲ್ಲಿಗೆ ವ್ಯರ್ಥ. ಗೂಗಲ್ ತಲುಪಿ, ಬಂಡಿದಾರಿಯಲ್ಲಿ ಇಳಿದು, ಉಸುಕಿನ ಅಂಚಿಗೆ ನಿಲ್ಲಿಸಿದೆ. ನಾಲ್ಕೂ ಗಾಲಿ ಎಳೆಯುವಂತೆ ಗೇರಿನ ಪಕ್ಕದ ಸಣ್ಣ ಕಡ್ಡಿಯನ್ನು ಹಾಕಿದೆ. ಗಾಡಿ ಉಸುಕಿಗೆ ಇಳಿದು ಹತ್ತು ಮಾರು ಸಲೀಸಾಗಿ ಹೋಯಿತು. ಇನ್ನೇನು, ಯಪ್ಪ ಕೂತಲ್ಲೇ ನೀರು ಮುಟ್ಟುತ್ತಾನೆ.

ಅವನು ಬಾಗಿಲ ಹಿಡಿಗೆ ಕೈ ಹಾಕಿದ. ನಿಲ್ಲಿಸು, ಇಳಿಯಬೇಕು ಎಂದ.

ಯಾಕೆ ಎಂದರೆ, ಉಸುಕು ಬಂತು ಎಂದ. ಗಾಡಿಗೆ ಭಾರವಾಗುತ್ತದಂತೆ. ಇದಕ್ಕೆ ನೂರಾರು ಕುದುರೆಯ ಬಲ ಅನ್ನುವಷ್ಟು ಸುಳ್ಳು ಹೇಳಿದೆ, ಕೇಳಲಿಲ್ಲ. ಬಾಗಿಲು ತೆರೆದು ಕೋಲನ್ನು ಉಸುಕಿಗೆ ಊರಿಯೇಬಿಟ್ಟ. ನಾನು ಇಳಿದು ಆ ಕಡೆಗೆ ಓಡಿದೆ. ಇಷ್ಟು ದಿನ ನುಂಗಿದ್ದೆಲ್ಲ ಬಾಯಿಗೆ ಬಂತು.

"ಇನ್ನೂ ಎಷ್ಟು ದಿನ ಬಂಡಿ ಹಿಂದ ನಡೀತಿ ಯಪ್ಪಾ? ಇದು ಯಾವ ಸಾಹುಕಾರಂದೂ ಅಲ್ಲ. ನಿಂದದ."

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ.

"ಅವರು ಕುಂತಾಗ ನಾ ಹಿಂದ ನಡದದ್ದು ಬ್ಯಾರೆ. ಅದು ನನ್ನ ಮನಸಿಲೆ ನಡದದ್ದಲ್ಲ. ಉ‌ಸುಕಿನ್ಯಾಗ ಇಳಿಯೂದು ಎತ್ತಿನ ಸಲುವಾಗಿ, ಬರೀ ಬಂಡಿ ನಾನ ಹೊಡಕೊಂಡು ಹೋದಾಗೂ ಇಳೀತಿದ್ದೆ. ಅದನ್ನ ಮಾಡಂತ ನನಗ ಯಾರೂ ಹೇಳಿಲ್ಲ."

ನಲವತ್ತು ವರ್ಷ ಅವನ ಅವಮಾನವನ್ನು ಅವನಿಗಿಂತ ಹೆಚ್ಚು ಜೋಪಾನವಾಗಿ ಇಟ್ಟುಕೊಂಡವನು ನಾನು. ಅದರ ಪಕ್ಕದಲ್ಲೇ ಅವನೇ ಇಷ್ಟಪಟ್ಟು ನಡೆದ ನಡಿಗೆಯೂ ಇತ್ತು, ಅದನ್ನು ನಾನು ನೋಡಿರಲೇ ಇಲ್ಲ. ನಾಚಿಕೆಯಾಯಿತು.

ಸುಜಾತಾ ಹಿಂದಿನಿಂದ ಇಳಿದು ಬಂದು ಸ್ಟೇರಿಂಗಿನ ಹಿಂದೆ ಕೂತಳು. ಗಾಡಿ ಓಡಿಸಲು ನನಗಿಂತ ಮೊದಲು ಕಲಿತವಳು ಅವಳು. ಸಣ್ಣ ಗೇರಿನಲ್ಲಿ, ಎಂಜಿನ್ ಏರಿಸದೆ, ಮಗು ಅಂಬೆಗಾಲಿಡುವ ವೇಗದಲ್ಲಿ ಬಿಟ್ಟಳು. ಹಿಂಬಾಗಿಲಿಗೆ ಬಿಗಿದ ಸ್ಟೆಪ್ನಿ ಗಾಲಿಯನ್ನು ಯಪ್ಪ ಒಂದು ಕೈಯಲ್ಲಿ ಹಿಡಿದ, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಗಾಡಿ ಅವನನ್ನು ಮೆತ್ತಗೆ ಎಳೆದುಕೊಂಡು ಹೋಯಿತು. ನಾಲ್ಕು ಡಬ್ಬಿ ಎಣ್ಣೆ, ಮೂರು ರವಿವಾರ, ಎರಡು ಗ್ಯಾರೇಜು ಯಾತ್ರೆ ಎಲ್ಲ ಸೇರಿ ಉಸುಕಿನಲ್ಲಿ ಒಯ್ದದ್ದು ಒಂದು ಬುತ್ತಿಯ ಗಂಟನ್ನು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಮೊಣಕಾಲು ನಡುಗುತ್ತಿದ್ದವು. ನೀರಿನ ಅಂಚಿಗೆ ಮುಟ್ಟಿದೆವು.

ಅವನು ಮೊದಲು ಹೊಳೆಗೆ ಹೋಗಲಿಲ್ಲ. ನನ್ನ ತೋಳು ಹಿಡಿದು ಕಷ್ಟಪಟ್ಟು ಬಗ್ಗಿ, ಹಿಂದಿನ ಅಚ್ಚಿನ ನಡುವಿನ ಆ ಕಬ್ಬಿಣದ ಗುಂಡಿನ ಮೇಲೆ ಅಂಗೈ ಇಟ್ಟ. ಇಟ್ಟು ಎಣಿಸತೊಡಗಿದ. ಒಂದರಿಂದ ಹತ್ತು, ತುಟಿ ಅಲ್ಲಾಡಿಸುತ್ತಾ, ನಿಧಾನಕ್ಕೆ. ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಉಸಿರು ಬಿಗಿಹಿಡಿದು ಕಾದಿಲ್ಲ.

"ತಡೀತದ," ಎಂದ. "ತ್ರಾಸ ಆಗಿಲ್ಲ ಅದಕ್ಕ."

ಆಮೇಲೆ ಹೊಳೆಗೆ ಇಳಿದ. ಪಾದ ಮುಳುಗುವಷ್ಟು ನೀರಿನಲ್ಲಿ, ನನ್ನ ಹೆಗಲು ಹಿಡಿದು ನಿಂತ. ಆಚೆಯ ದಂಡೆ ನೋಡಿದ, ಬಗ್ಗಿ ಮುಖ ತೊಳೆದುಕೊಂಡ, ಪಟಗದ ತುದಿಯಿಂದ ಒರೆಸಿಕೊಂಡ. ಅಲ್ಲೇ ಕೂತು ಸಜ್ಜಿ ರೊಟ್ಟಿ ತಿಂದೆವು. ಅವನು ಎರಡು ತಿಂದ.

ಹೊರಡುವ ಹೊತ್ತಿಗೆ ಸುಜಾತಾ ಮೊದಲೇ ಸ್ಟೇರಿಂಗಿನಲ್ಲಿ ಕೂತಿದ್ದಳು. ಯಪ್ಪ ಸೀದಾ ಮುಂದಿನ ಬಾಗಿಲಿಗೆ ಹೋಗಿ, ನನ್ನ ಆಸರೆಯಲ್ಲಿ ಹತ್ತಿ, ಆರಾಮವಾಗಿ ಬೆನ್ನು ಆನಿಸಿ ಕೂತ. ಉಸುಕು ಇನ್ನೂ ಮುಂದೆ ಪೂರ್ತಿ ಇತ್ತು. ಗಾಡಿ ತ್ರಾಸಪಡುವುದಿಲ್ಲ ಎಂದು ಕೈಯಿಟ್ಟು ನೋಡಿಯಾಗಿತ್ತಲ್ಲ, ಇನ್ನು ಅವನು ಕೂಡುವವನೇ. ನಾನು ಬುತ್ತಿಯ ಗಂಟು ಎತ್ತಿಕೊಂಡು ಹಿಂದಿನ ಬಾಗಿಲು ತೆರೆದೆ.

"ನೀ ಎಲ್ಲಿ ಹತ್ತತಿ?" ಯಪ್ಪ ಕತ್ತು ತಿರುಗಿಸಿದ. "ಇಬ್ಬರು ಸಾಕು ಅದಕ್ಕ. ನಿನ್ನ ಮೊಣಕಾಲು ಗಟ್ಟಿ ಅದಾವಲ್ಲ, ಉಸುಕು ದಾಟೂತನ ನಡಕೊಂತ ಬಾ."

ಸುಜಾತಾ ಗೇರು ಹಾಕಿದಳು, ಒಂದು ಸದ್ದೂ ಬರಲಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಡೆದೆ.